ಟಿಟವಿಯ ಜೊತೆ ಜಗಳವಾಡಿದ ಮಳೆಗಾಲ

ಕಳೆದ ತಿಂಗಳು ಮಗರಪಟ್ಟಾದ ಹತ್ತಿರದ ಔಷಧಿ ಅಂಗಡಿಯಲ್ಲಿ ನನ್ನ ಮುಂದೆ ನಿಂತಿದ್ದ ಹೆಂಗಸಿನ ಕೈಯಿಂದ ನೀಲಗಿರಿ ಎಣ್ಣೆಯ ಶೀಶೆ ಜಾರಿ ಬಿತ್ತು. ಅಂಗಡಿಯವನು ಹಳೆಯ ಪೇಪರು ತಂದು ನೆಲ ಒರೆಸುವಷ್ಟರಲ್ಲಿ ವಾಸನೆ ಎಲ್ಲ ಕಡೆ ತುಂಬಿತು. ನಾನು ಮಾತ್ರೆ ಕೊಳ್ಳದೆ ಹೊರಗೆ ಬಂದು ರಸ್ತೆಯ ಅಂಚಿನಲ್ಲಿ ನಿಂತು ಬಾಯಿಂದ ಉಸಿರಾಡಿದೆ. ಮಗಳು ಹಿಂದೆಯೇ ಬಂದು ಏನಾಯಿತು ಅಂತ ಕೇಳಿದಳು. ಎಣ್ಣೆಯ ವಾಸನೆ ಅಂದೆ. ಒಳ್ಳೆಯ ವಾಸನೆಯಲ್ಲವೇ ಅದು ಅಂದಳು. ಅವಳಿಗೆ ಹೇಗೆ ಗೊತ್ತಾಗಬೇಕು? ನಮ್ಮ ಮನೆಯ ಪ್ರತಿಯೊಂದು ಕರವಸ್ತ್ರದಲ್ಲೂ ಆ ವಾಸನೆಯಿದ್ದ ಮಳೆಗಾಲದಲ್ಲಿ ಅವಳಿನ್ನೂ ನನ್ನ ಹೊಟ್ಟೆಯಲ್ಲಿದ್ದಳು.

ಅದು ಎರಡು ಸಾವಿರದ ಒಂಬತ್ತನೆಯ ಇಸವಿ. ನಾವು ಆಗ ಇದೇ ನಗರದ ಇನ್ನೊಂದು ತುದಿಯ ಭೋಸರಿಯಲ್ಲಿದ್ದೆವು. ಎರಡನೆಯ ಮಹಡಿ, ಎರಡು ಕೋಣೆ, ಕಿಟಕಿಯಿಂದ ಕಾಣುವುದೆಲ್ಲ ಕಾರ್ಖಾನೆಗಳ ತಗಡಿನ ಮಾಡು. ನನ್ನ ಗಂಡ ಗುರುರಾಜ ವಾಹನಗಳ ಗಿಯರ್ ತಯಾರಿಸುವ ಒಂದು ಸಣ್ಣ ಕಾರ್ಖಾನೆಯಲ್ಲಿ ಸುಪರ್‌ವೈಜರ್. ನಾನು ಜೂನಿಯರ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದೆ. ವಿಜಾಪುರದಿಂದ ಬಂದ ಅತ್ತೆ ನಮ್ಮ ಜೊತೆಗಿದ್ದರು. ಎರಡು ವರ್ಷದ ಹಿಂದೆ ನಾಲ್ಕನೆಯ ತಿಂಗಳಲ್ಲಿ ಒಂದು ಕೂಸು ಹೋಗಿತ್ತು. ಅದಕ್ಕೇ ಈ ಸಲ ಜೂನ್ ತಿಂಗಳಲ್ಲಿ ಸ್ವಲ್ಪ ರಕ್ತ ಕಂಡ ಕೂಡಲೇ ಡಾಕ್ಟರು ಮಲಗಿಬಿಡು ಅಂದರು. ರಜೆ ಹಾಕಿ ಮಲಗಿದೆ. ಮಲಗಿದಲ್ಲೇ ದಿನಕ್ಕೆ ನೂರು ಸಲ ಹೊಟ್ಟೆಯ ಮೇಲೆ ಕೈ ಇಟ್ಟು ನೋಡುತ್ತಿದ್ದೆ. ಅಂಜಿಕೆ ಅಲ್ಲಿಂದಲೇ ಶುರುವಾಗಿತ್ತು. ರೋಗ ಆಮೇಲೆ ಬಂತು.

ಹೊತ್ತು ಹೋಗಲಿ ಅಂತ ನನ್ನ ತಮ್ಮ ತನ್ನ ಆಟದ ಯಂತ್ರವನ್ನು ಕೊಟ್ಟು ಹೋಗಿದ್ದ. ಅಂಗೈಯಷ್ಟು ದೊಡ್ಡದು. ಅದರಲ್ಲೊಂದು ಜಪಾನೀ ಆಟ. ಕಾಡು, ಸಮುದ್ರದಂಡೆ, ಗುಹೆ, ಪಾಳುಬಿದ್ದ ಪಟ್ಟಣ ಎಲ್ಲ ಅಲೆಯಬೇಕು. ದಾರಿಯಲ್ಲಿ ಎದುರಾಗುವ ವಿಚಿತ್ರ ಜೀವಿಗಳನ್ನು ಪಳಗಿಸಬೇಕು. ಅಂಥ ಜೀವಿಗಳು ಇನ್ನೂರಕ್ಕೂ ಹೆಚ್ಚು. ನನಗೆ ಆಡಲು ಬರಲಿಲ್ಲ. ಆದರೆ ಒಂದೊಂದು ಜೀವಿ ತೆರೆಯ ಮೇಲೆ ಬಂದಾಗಲೂ, ಇದನ್ನು ಬರೆದ ಕಲಾವಿದ ಯಾವುದನ್ನು ನೋಡಿ ಬರೆದಿರಬಹುದು ಅಂತ ಯೋಚಿಸುತ್ತ ಕೂಡುತ್ತಿದ್ದೆ. ಆ ಮೋರೆ ಬಾವಲಿಯದು, ಈ ಬಾಲ ಉಡದ್ದು, ಹೀಗೆ.

ಆ ಆಟದ ಅಭಿಮಾನಿಗಳೇ ಸೇರಿ ಬರೆಯುವ ಒಂದು ವಿಕಿ ಇಂಟರ್‌ನೆಟ್‌ನಲ್ಲಿತ್ತು. ಪ್ರತಿ ಜೀವಿಗೂ ಒಂದು ಪುಟ, ಪುಟದ ಕೆಳಗೆ 'ಮೂಲ' ಎಂಬ ಒಂದು ತಲೆಬರಹ. ನಿಜಲೋಕದ ಯಾವ ಪ್ರಾಣಿ, ಗಿಡ ಅಥವಾ ವಸ್ತುವಿನಿಂದ ಅದು ಹುಟ್ಟಿತು ಅಂತ ಅಲ್ಲಿ ಬರೆಯಬೇಕು. ಯಾರು ಬೇಕಾದರೂ ತಿದ್ದಬಹುದು. ಮೈತುಂಬ ಹುರುಪೆಯಿದ್ದು, ಮುಟ್ಟಿದರೆ ಉಂಡೆಯಾಗುವ ಒಂದು ಜೀವಿಗೆ ಯಾರೋ ಅಮೆರಿಕದ ಆರ್ಮಡಿಲ್ಲೋ ಅಂತ ಬರೆದಿದ್ದರು. ನನಗೆ ತಡೆಯಲಾಗಲಿಲ್ಲ. ಹುರುಪೆ ಹೆಂಚಿನಂತೆ ಒಂದರ ಮೇಲೊಂದು ಕೂತಿದೆ, ಆದ್ದರಿಂದ ಇದು ಚಿಪ್ಪುಹಂದಿ ಅಂತ ತಿದ್ದಿದೆ. ಖಾತೆಗೆ ಒಂದು ಹೆಸರು ಬೇಕಿತ್ತು; 'ಓತಿ' ಅಂತ ಇಟ್ಟುಕೊಂಡೆ. ಕಿಟಕಿಯ ಹೊರಗೆ ಪೈಪಿನ ಮೇಲೆ ಓತಿಕ್ಯಾತವೊಂದು ದಿನಾ ಬಂದು ಕೂಡುತ್ತಿತ್ತು.

ಒಂದು ತಾಸಿನೊಳಗೆ ಚರ್ಚೆಯ ಪುಟದಲ್ಲಿ ಉತ್ತರ ಬಂತು. ಬರೆದವರ ಹೆಸರು 'ಟಿಟವಿ'. ಟಿಟವಿ ಅಂದರೆ ಮರಾಠಿಯಲ್ಲಿ ಟಿಟ್ಟಿಭ ಹಕ್ಕಿ. ಆರ್ಮಡಿಲ್ಲೋ ಅಲ್ಲ, ಚಿಪ್ಪುಹಂದಿಯೂ ಅಲ್ಲ, ದಯವಿಟ್ಟು ಕಾಲು ಎಣಿಸಿ ಅಂತ ಬರೆದಿದ್ದರು. ಚಿತ್ರವನ್ನು ದೊಡ್ಡದು ಮಾಡಿ ನೋಡಿದೆ. ಹೊಟ್ಟೆಯ ಕೆಳಗೆ ಸಣ್ಣ ಗುಬುಟುಗಳು, ಹದಿನಾಲ್ಕು. ಒದ್ದೆ ಕಲ್ಲೆತ್ತಿದರೆ ಕೆಳಗೆ ಸಿಗುವ, ಮುಟ್ಟಿದರೆ ಗೋಲಿಯಾಗುವ ಬೂದುಬಣ್ಣದ ಹುಳ ಅದು. ಪ್ರಾಣಿಶಾಸ್ತ್ರ ಕಲಿಸುವ ನಾನು ಕಾಲೆಣಿಸುವುದನ್ನೇ ಮರೆತಿದ್ದೆ.

ಅಲ್ಲಿಂದ ನಾವಿಬ್ಬರೂ ಕೂಡಿ ಆ ವಿಕಿಯ ಜೀವಿಗಳನ್ನೆಲ್ಲ ವಿಂಗಡಿಸಲು ತೊಡಗಿದೆವು. ಸಸ್ತನಿ, ಹಕ್ಕಿ, ಹಾವು-ಹಲ್ಲಿ, ಮೀನು, ಕೀಟ, ಗಿಡ, ಪುರಾಣ, ವಸ್ತು ಅಂತ ಎಂಟು ಗುಂಪು ಮಾಡಿದೆವು. ನಾನು ಪುಸ್ತಕ ತೆರೆದು ಹೇಳುತ್ತಿದ್ದೆ. ಟಿಟವಿ ಕಣ್ಣಾರೆ ನೋಡಿದ್ದನ್ನು ಹೇಳುತ್ತಿದ್ದರು. ಉಸುಕಿನಲ್ಲಿ ಹುದುಗುವ ಏಡಿ, ಕೆಸರಿನ ಮೇಲೆ ಜಿಗಿಯುವ ಮೀನು, ಉಬ್ಬರ ಇಳಿದ ಮೇಲೆ ಬಂಡೆಗೆ ಅಂಟಿಕೊಂಡಿರುವ ಚಿಪ್ಪು, ಇವೆಲ್ಲ ಅವರಿಗೆ ಬಾಯಿಪಾಠ. ಆಧಾರಕ್ಕೆ ಅಂತ ಫೋಟೋ ತೆಗೆದು ಹಾಕುತ್ತಿದ್ದರು. ಒಮ್ಮೆ ಗೋಡೆಯ ಮೇಲಿನ ಜಿಗಿಯುವ ಜೇಡವೊಂದರ ಫೋಟೋ ಹಾಕಿದರು. ಜೇಡ ಕೂತಿದ್ದದ್ದು ಕನ್ನಡದ ಕ್ಯಾಲೆಂಡರಿನ ಮೇಲೆ. ಕೆಳಗೆ ಭೋಸರಿಯ ಒಂದು ಹೋಟೆಲಿನ ರಬ್ಬರ್ ಠಸ್ಸೆ. ಜಗತ್ತಿನ ಯಾವುದೋ ಮೂಲೆಯಲ್ಲಿದ್ದಾರೆ ಅಂದುಕೊಂಡ ಮನುಷ್ಯ ನನ್ನ ಮನೆಯಿಂದ ಆಟೋದಲ್ಲಿ ಹತ್ತು ನಿಮಿಷದ ದಾರಿಯಲ್ಲಿದ್ದರು.

ಇಂಗ್ಲಿಷ್ ಅಕ್ಷರಗಳಲ್ಲೇ ಕನ್ನಡ ಬರೆದು ಕೇಳಿದೆ. ಹೌದು ಅಂದರು. ಕುಂದಾಪುರದ ಕಡೆಯವರಂತೆ. ಹೆಂಡತಿ ತೀರಿಹೋಗಿ ಬಹಳ ವರ್ಷವಾಗಿದೆ, ಮಕ್ಕಳಿಲ್ಲ, ಹೋಟೆಲಿನ ಮೇಲಿನ ಕೋಣೆಯಲ್ಲೇ ವಾಸ, ಅಲ್ಲೇ ಒಂದು ಹಳೆಯ ಕಂಪ್ಯೂಟರು. ಗಿರಾಕಿಯೊಬ್ಬ ಟೇಬಲಿನ ಮೇಲೆ ಮರೆತು ಹೋದ ಆಟದ ಯಂತ್ರವನ್ನು ಮೂರು ತಿಂಗಳು ಕಾದಿಟ್ಟು, ಯಾರೂ ಕೇಳಲು ಬಾರದಿದ್ದಾಗ ಒಂದು ಮಧ್ಯಾಹ್ನ ಗಲ್ಲಾದ ಮುಂದೆ ಕೂತು ಹಚ್ಚಿ ನೋಡಿದರಂತೆ. ನನ್ನ ಬಗ್ಗೆ ನಾನು ಹೆಚ್ಚು ಹೇಳಲಿಲ್ಲ. ಅವರು ನನ್ನನ್ನು 'ಸರ್' ಅಂತ ಕರೆಯುತ್ತಿದ್ದರು. ಅದನ್ನೂ ತಿದ್ದಲಿಲ್ಲ. ಬಸುರಿ, ಮಲಗಿರಬೇಕಾದವಳು, ಜ್ವಾಕಿ, ಜೋಪಾನ ಅಂತ ಎಲ್ಲರೂ ಹೇಳುವ ಮನೆಯಿಂದ ದಿನಕ್ಕೆ ಮೂರು ತಾಸು ಹೊರಗೆ ಹೋಗಿ ಬಂದಂತಾಗುತ್ತಿತ್ತು.

ಶ್ರಾವಣದ ಹೊತ್ತಿಗೆ ಡಾಕ್ಟರು ಎದ್ದು ಓಡಾಡಬಹುದು ಅಂದರು. ಅದೇ ವಾರ ಹಂದಿಜ್ವರದಿಂದ ನಗರದಲ್ಲಿ ಮೊದಲ ಸಾವಾಯಿತು.

ಆಮೇಲಿನ ದಿನಗಳು ಈಗ ಒಟ್ಟಿಗೆ ಕಲಸಿಹೋಗಿವೆ. ಶಾಲೆ ಮುಚ್ಚಿತು, ಕಾಲೇಜು ಮುಚ್ಚಿತು, ಸಿನಿಮಾ ಥಿಯೇಟರು ಮುಚ್ಚಿದವು. ಮಾಸ್ಕು ಅಂಗಡಿಯಲ್ಲಿ ಸಿಗದೆ ಜನ ಕರವಸ್ತ್ರ, ದುಪಟ್ಟಾ, ಮಫ್ಲರು ಕಟ್ಟಿಕೊಂಡರು. ಕರ್ಪೂರ, ಯಾಲಕ್ಕಿ ಗಂಟು ಕಟ್ಟಿ ಮೂಸಿದರೆ ರೋಗ ಹತ್ತಿರ ಬರುವುದಿಲ್ಲ ಅಂತ ಯಾರೋ ಹೇಳಿದರು; ನೀಲಗಿರಿ ಎಣ್ಣೆ ಅಂತ ಇನ್ನೊಬ್ಬರು. ಅತ್ತೆ ಎರಡನ್ನೂ ಮಾಡಿದರು. ನನ್ನ ದಿಂಬಿನ ಕೆಳಗೆ ಗಂಟು, ಸೆರಗಿನ ತುದಿಗೆ ಎಣ್ಣೆ. ಬಸುರಿ ಹೆಂಗಸರಿಗೆ ಈ ಜ್ವರ ಹೆಚ್ಚು ಅಪಾಯ ಅಂತ ಟಿ.ವಿ.ಯಲ್ಲಿ ಡಾಕ್ಟರೊಬ್ಬರು ಹೇಳಿದ ಮೇಲೆ ಅತ್ತೆ ಟಿ.ವಿ. ಹಚ್ಚುವುದನ್ನೇ ಬಿಟ್ಟರು. ಗುರುರಾಜ ಅವರ ಕಾರ್ಖಾನೆ ಮಾತ್ರ ಮುಚ್ಚಲಿಲ್ಲ. ಸಂಜೆ ಬಂದವರು ಬಾಗಿಲಲ್ಲೇ ಅಂಗಿ ಕಳಚಿ ಬಕೆಟಿಗೆ ಹಾಕಿ, ಸೀದಾ ಬಚ್ಚಲಿಗೆ ಹೋಗುತ್ತಿದ್ದರು. ಅವರು ಒಳಗೆ ಒಂದು ಸಲ ಕೆಮ್ಮಿದರೂ ನಾನು ಮತ್ತು ಅತ್ತೆ ಇಬ್ಬರೂ ಕೈಯಲ್ಲಿದ್ದ ಕೆಲಸ ನಿಲ್ಲಿಸಿ ಬಚ್ಚಲಿನ ಬಾಗಿಲನ್ನೇ ನೋಡುತ್ತಿದ್ದೆವು.

ಆ ವಾರದಲ್ಲೇ ಪೋಮುರಾದ ಜಗಳ ಶುರುವಾದದ್ದು. ಪೋಮುರಾ ಆಟದ ಪಾಳುಪಟ್ಟಣದಲ್ಲಿ ತೇಲಾಡುವ ಒಂದು ಗುಂಡು ಜೀವಿ. ಮೈಮೇಲೆಲ್ಲ ಗುಂಡುಸೂಜಿಯ ತಲೆಯಂಥ ಮುಳ್ಳು. ಬೇರೆ ಜೀವಿಯನ್ನು ಮುಟ್ಟಿದರೆ ಅದರೊಳಗಿಂದ ಇನ್ನೂ ನಾಲ್ಕು ಪೋಮುರಾ ಹೊರಬರುತ್ತವೆ. ವಿಕಿಯಲ್ಲಿ ಅದರ ಮೂಲ ಕಡಲಮುಳ್ಳಿನುಂಡೆ, ಅಂದರೆ ಸಮುದ್ರದ ಬಂಡೆಗೆ ಅಂಟಿಕೊಂಡಿರುವ ಮುಳ್ಳುಚೆಂಡಿನಂಥ ಜೀವಿ, ಅಂತ ಇತ್ತು. ಕಡಲನ್ನು ಬಲ್ಲ ಟಿಟವಿ ಅದನ್ನು ಅಳಿಸಿ 'ವೈರಸ್' ಅಂತ ಬರೆದರು. ಕಾರಣವನ್ನೂ ಕೊಟ್ಟರು. ಕಡಲಮುಳ್ಳಿನುಂಡೆಗೆ ಕೆಳಗೆ ಬಾಯಿರುತ್ತದೆ, ಇದಕ್ಕಿಲ್ಲ, ಅದು ತೇಲುವುದಿಲ್ಲ, ಇನ್ನೊಂದು ಜೀವಿಯೊಳಗೆ ಹೊಕ್ಕು ಮರಿಹಾಕುವುದೂ ಇಲ್ಲ.

ಪ್ರತಿಯೊಂದು ಮಾತೂ ಸರಿಯಾಗಿತ್ತು. ಆದರೂ ನಾನು ಆ ಪದವನ್ನು ಅಳಿಸಿದೆ. ಬೆಳಗಿನಿಂದ ರಾತ್ರಿಯವರೆಗೆ ಎಲ್ಲರ ಬಾಯಲ್ಲೂ ಇದ್ದ ಆ ಪದ ನನಗಿದ್ದ ಒಂದೇ ಒಂದು ಬಿಡುವಿನ ಜಾಗಕ್ಕೂ ಬರುವುದು ಬೇಡವಾಗಿತ್ತು. ಅವರು ವಾಪಸ್ ಹಾಕಿದರು. ನಾನು ತೆಗೆದೆ. ಮೂರು ದಿನ ಹೀಗೇ ನಡೆಯಿತು. ಪುರಾವೆ ಸಾಲದು ಅಂದೆ, ಕಲಾವಿದರು ಹೇಳಿಲ್ಲ ಅಂದೆ, ಒಟ್ಟಿನಲ್ಲಿ ಸುಳ್ಳು ಹೇಳಿದೆ. ಕೊನೆಗೆ ವಿಕಿಯ ಮೇಲ್ವಿಚಾರಕರು ಇಬ್ಬರಿಗೂ ಎಚ್ಚರಿಕೆ ಕೊಟ್ಟು, ಆ ಪದವನ್ನು ವಾಪಸ್ ಹಾಕಿಸಿದರು. ಆಗ ಟಿಟವಿ ನನಗೆ ಖಾಸಗಿಯಾಗಿ ಬರೆದರು: "ಸರ್, ನೀವು ಹೆದರಿದ್ದೀರಿ ಅಂತ ಕಾಣ್ತದೆ. ಹೆಸರು ಅಳಿಸಿದರೆ ಜಂತು ಹೋಗ್ತದಾ?"

ಸಿಟ್ಟು ಬಂತು. ಹೋಟೆಲಿನಲ್ಲಿ ಕೂತು ಆಟವಾಡುವವರಿಗೆ ಹೆದರಿಕೆ ಅಂದರೆ ಏನು ಗೊತ್ತು ಅಂತ ಬರೆದೆ. ಅವರು ಅದಕ್ಕೆ ಉತ್ತರ ಕೊಡಲಿಲ್ಲ. ಮರುದಿನ ಬಂದದ್ದು ಎರಡೇ ಸಾಲು. ನಿನ್ನೆಯಿಂದ ಜ್ವರ, ಗಂಟಲು ಕಟ್ಟಿದೆ. ಉಳಿದ ಜಗಳ ಆಮೇಲೆ.

ಆಮೇಲೆ ಏನೂ ಬರಲಿಲ್ಲ. ಒಂದು ದಿನ, ಎರಡು ದಿನ, ಮೂರು ದಿನ. ವಿಕಿಯಲ್ಲಿ ಯಾರು ಯಾವಾಗ ಏನು ತಿದ್ದಿದರು ಎಂಬುದೆಲ್ಲ ದಾಖಲಾಗುತ್ತದೆ. ನಾನು ತಾಸಿಗೊಮ್ಮೆ ಟಿಟವಿಯ ಪಟ್ಟಿ ತೆಗೆದು ನೋಡುತ್ತಿದ್ದೆ. ಮೇಲಿನ ಸಾಲು ಬದಲಾಗುತ್ತಿರಲಿಲ್ಲ. ನಾನು ಆ ಮಾತು ಬರೆಯಬಾರದಿತ್ತು ಅಂತ ಒಂದು ಕಡೆ. ಅವರಿಗೆ ಬಂದದ್ದು ಅದೇ ಜ್ವರವಾಗಿದ್ದರೆ ಅದು ನಮ್ಮ ಮನೆಗೆ ಇಷ್ಟು ಹತ್ತಿರ ಬಂದಿದೆಯಲ್ಲ ಅಂತ ಇನ್ನೊಂದು ಕಡೆ. ಎರಡನೆಯ ಅಂಜಿಕೆಯೇ ದೊಡ್ಡದಾಗಿತ್ತು ಅಂತ ಈಗ ಒಪ್ಪಿಕೊಳ್ಳುತ್ತೇನೆ.

ಗಂಡನಿಗೆ ಎಲ್ಲ ಹೇಳಿದೆ. ಹೋಟೆಲಿನ ಹೆಸರು ಕೇಳಿ ಅವರಿಗೆ ಆಶ್ಚರ್ಯವಾಯಿತು. ಕಾರ್ಖಾನೆಯವರೆಲ್ಲ ಚಹಾ ಕುಡಿಯುವ ಜಾಗವೇ ಅದು. ಗಲ್ಲಾದ ಮೇಲೆ ಕೂಡುವ ಸದಾನಂದ ರಾಯರು, ಗಿರಾಕಿಯ ಮುಖ ನೋಡದೆ ಚಿಲ್ಲರೆ ಕೊಡುವವರು, ಅವರೇ ಟಿಟವಿ ಅಂದರೆ ನಂಬಲಿಲ್ಲ. ಹೋಟೆಲು ನಾಲ್ಕು ದಿನದಿಂದ ಮುಚ್ಚಿದೆ ಅಂದರು. ಮರುದಿನ ಬೆಳಿಗ್ಗೆ ಕೆಲಸಕ್ಕೆ ಹೋಗುವಾಗ ಷಟರಿನ ಮುಂದೆ ನಿಂತು ಕರೆದರಂತೆ. ಉತ್ತರವಿಲ್ಲ. ಫೋನು ಮಾಡಿ, ರಾಯರು ಊರಿಗೆ ಹೋಗಿರಬೇಕು, ನೀ ಚಿಂತಿ ಬಿಡು ಅಂದರು. ನಾನು ಬಿಟ್ಟೆ. ಬಹಳ ಸುಲಭವಾಗಿ ಬಿಟ್ಟೆ. ಅಂದು ಬೆಳಿಗ್ಗೆ ಹಸಿವಾಗಿ ಎರಡು ರೊಟ್ಟಿ ಹೆಚ್ಚಿಗೆ ತಿಂದೆ.

ಮಧ್ಯಾಹ್ನ ಹನ್ನೆರಡೂವರೆಗೆ ಸುಮ್ಮನೆ ಒಮ್ಮೆ ಪಟ್ಟಿ ತೆಗೆದೆ. ಟಿಟವಿಯ ಹೆಸರಿನಲ್ಲಿ ಹೊಸ ಸಾಲೊಂದಿತ್ತು. ವಿಕಿಯ ಗಡಿಯಾರ ಬೇರೆ ದೇಶದ್ದು. ಅದಕ್ಕೆ ಐದೂವರೆ ತಾಸು ಕೂಡಿಸಬೇಕು. ಕೂಡಿಸಿದೆ. ಹನ್ನೊಂದು ಗಂಟೆ. ತಪ್ಪಿರಬೇಕು ಅಂತ ಬೆರಳೆಣಿಸಿ ಮತ್ತೆ ಕೂಡಿಸಿದೆ. ನನ್ನ ಗಂಡ ಷಟರಿನ ಮುಂದೆ ನಿಂತು ಕರೆದ ಎರಡು ತಾಸಿನ ಮೇಲೆ ಆ ಕಂಪ್ಯೂಟರಿನ ಮುಂದೆ ಯಾರೋ ಕೂತಿದ್ದರು. ಪುಟ ತೆರೆದು ನೋಡಿದೆ. ಪೋಮುರಾದ ಪುಟ. ಮೇಲ್ವಿಚಾರಕರು ವಾಪಸ್ ಹಾಕಿಸಿದ್ದ 'ವೈರಸ್' ಎಂಬ ಪದವನ್ನು ಟಿಟವಿ ತಾವೇ ಅಳಿಸಿದ್ದರು. ಕಾರಣದ ಜಾಗದಲ್ಲಿ ಅರ್ಥವಿಲ್ಲದ ನಾಲ್ಕು ಅಕ್ಷರ, ಬೆರಳು ತಪ್ಪಿ ಒತ್ತಿದಂತೆ.

ಆ ಮಳೆಗಾಲದಲ್ಲಿ ನಾನು ಅತಿ ಹೆಚ್ಚು ಅಂಜಿದ ಗಳಿಗೆ ಅದೇ. ಮೂರು ದಿನ ಪಟ್ಟುಹಿಡಿದು ವಾದಿಸಿದ ಮನುಷ್ಯ ಆ ಪದವನ್ನು ನೋಡಲಾರದೆ ಅಳಿಸಿದ್ದಾರೆ ಅಂದರೆ ಅವರ ಪರಿಸ್ಥಿತಿ ಏನಾಗಿರಬೇಕು? ಗಂಡನಿಗೆ ಫೋನು ಹಚ್ಚಿದೆ. ಮಷೀನಿನ ಗದ್ದಲದಲ್ಲಿ ಅವರಿಗೆ ಕೇಳಿಸುತ್ತಿರಲಿಲ್ಲ, ಎತ್ತಲಿಲ್ಲ. ಅತ್ತೆ ಊಟ ಮಾಡಿ ಅಡ್ಡಾಗಿದ್ದರು. ಮೂಗಿಗೆ ದುಪಟ್ಟಾ ಕಟ್ಟಿಕೊಂಡು, ಚಪ್ಪಲಿ ಕೈಯಲ್ಲಿ ಹಿಡಿದು ಬಾಗಿಲು ಎಳೆದುಕೊಂಡೆ. ಎರಡು ಮಹಡಿ ಇಳಿಯುವಾಗ ಪ್ರತಿ ಮೆಟ್ಟಿಲಿನಲ್ಲೂ ನಿಂತೆ. ಕೆಳಗೆ ಒಂದು ಆಟೋ ಹಿಡಿದು ಹೋಗಿ, ಹೋಟೆಲಿನ ಮುಂದೆ ಅವನಿಗೆ ಕಾಯಲು ಹೇಳಿದೆ.

ಹೋಟೆಲಿನ ಷಟರು ಇಳಿದೇ ಇತ್ತು. ಪಕ್ಕದಲ್ಲಿ ಮೇಲಕ್ಕೆ ಹೋಗುವ ಕಬ್ಬಿಣದ ಮೆಟ್ಟಿಲು, ತುದಿಯಲ್ಲಿ ಮುಚ್ಚಿದ ಬಾಗಿಲು. ಬೀದಿಯಲ್ಲಿ ಯಾರೂ ಇಲ್ಲ. ಕೆಳಗೆ ನಿಂತು ಮರಾಠಿಯಲ್ಲಿ ಕರೆದೆ, ಕೋಣೀ ಆಹೇ ಕಾ, ಯಾರಾದರೂ ಇದ್ದೀರಾ ಅಂತ. ಸದ್ದಿಲ್ಲ. ಇನ್ನೊಮ್ಮೆ ಕರೆದೆ. ಸದ್ದಿಲ್ಲ. ನನಗಾದದ್ದು ಸಮಾಧಾನ. ನನ್ನ ಕೆಲಸ ನಾನು ಮಾಡಿದೆ, ಇನ್ನು ಹೋಗಬಹುದು ಅನ್ನುವ ಸಮಾಧಾನ. ತಿರುಗಿ ಆಟೋದ ಕಡೆ ಹೊರಟೆ. ಅಷ್ಟರಲ್ಲಿ ಮಳೆ ಎಂಥ ಜೋರಾಗಿ ಸುರಿಯಿತೆಂದರೆ, ಆಟೋದವನು ಪರದೆ ಇಳಿಸಿ ಗಾಡಿಯನ್ನು ಎದುರಿನ ಶೆಡ್ಡಿನ ಕೆಳಗೆ ಒಯ್ದ. ನಾನು ಹೋಟೆಲಿನ ತಗಡಿನ ಚಪ್ಪರದ ಕೆಳಗೆ ಸಿಕ್ಕಿಕೊಂಡೆ. ಮಳೆ ನಿಲ್ಲುವವರೆಗೆ ಮಾಡುವುದೇನು ಅಂತ ಮೂರನೆಯ ಸಲ ಕರೆದೆ. ಈ ಸಲ ಕನ್ನಡ ಬಂತು.

"ರಾಯರ, ಇದ್ದೀರೇನ್ರಿ? ನಾನ್ರಿ, ಓತಿ."

ಮೇಲೆ ಏನೋ ಬಿದ್ದ ಸದ್ದಾಯಿತು. ಆಮೇಲೆ ಕೆಮ್ಮು. ತಗಡಿನ ಮೇಲಿನ ಮಳೆಯನ್ನೂ ಮೀರಿ ಕೇಳಿಸುವಂಥ ಕೆಮ್ಮು. ಬಾಗಿಲು ಒಂದು ಗೇಣು ತೆರೆಯಿತು, ಮುಖ ಕಾಣಲಿಲ್ಲ.

"ಓತಿಯಾ? ಮೇಲೆ ಬರ್ಬೇಡಿ, ಆಯ್ತಾ. ಉಸಿರು ತೆಗೀಲಿಕ್ಕೆ ಆಗೂದಿಲ್ಲ ನಂಗೆ."

ಕೆಳಗಿನ ಮೆಟ್ಟಿಲಿನ ಮೇಲೆ ಒಂದು ಕಾಲಿಟ್ಟಿದ್ದೆ. ತೆಗೆದೆ. ಹೊಟ್ಟೆಯೊಳಗೆ ಕೂಸು ಮಗ್ಗುಲಾಯಿತು. ಮೇಲೊಬ್ಬ ಮನುಷ್ಯ ಉಸಿರಿಗಾಗಿ ಒದ್ದಾಡುತ್ತಿದ್ದ ಸದ್ದು ನನಗೆ ಕೇಳಿಸುತ್ತಿತ್ತು, ನಾನು ಹಿಂದೆ ಸರಿದು ಸರಿದು ಗೋಡೆಗೆ ಬೆನ್ನು ಹಚ್ಚಿ ನಿಂತೆ. ಗಂಡನಿಗೆ ಮತ್ತೆ ಮತ್ತೆ ಫೋನು ಹಚ್ಚಿದೆ. ಐದನೆಯದೋ ಆರನೆಯದೋ ಸಲಕ್ಕೆ ಎತ್ತಿದರು. ನಾನು ಏನು ಹೇಳಿದೆನೋ ನೆನಪಿಲ್ಲ.

ಕಾರ್ಖಾನೆ ಎರಡು ಬೀದಿ ಆಚೆ. ಅವರು ಮಳೆಯಲ್ಲಿ ಓಡಿಬಂದರು. ಹಿಂದೆ ಕಾರ್ಖಾನೆಯ ಟೆಂಪೋ. ನನ್ನನ್ನು ಅಲ್ಲಿ ನೋಡಿ ಬೈಯಬಹುದು ಅಂದುಕೊಂಡಿದ್ದೆ. ಬೈಯಲಿಲ್ಲ. ನನ್ನ ಮುಖದ ಮೇಲಿನ ದುಪಟ್ಟಾ ಬಿಚ್ಚಿ ತಮ್ಮ ಮೂಗಿಗೆ ಎರಡು ಸುತ್ತು ಕಟ್ಟಿಕೊಂಡರು.

"ನೀ ಆಟೋದಾಗ ಕೂಡು, ಮನಿಗೆ ನಡಿ. ಹೊಳ್ಳಿ ನೋಡಬ್ಯಾಡ. ನಾ ನೋಡ್ಕೋತೀನಿ" ಅಂದರು.

ಹೊರಳಿ ನೋಡಿದೆ. ಆಟೋದ ಹಿಂದಿನ ಸಣ್ಣ ಕಿಂಡಿಯಿಂದ, ಅವರು ಮೆಟ್ಟಿಲು ಹತ್ತಿ ಆ ಬಾಗಿಲನ್ನು ತಳ್ಳಿದ್ದು ಕಂಡಿತು.

ಮನೆಗೆ ಬಂದಾಗ ಅತ್ತೆ ಬಾಗಿಲಲ್ಲೇ ನಿಂತಿದ್ದರು. ಎಲ್ಲ ಕೇಳಿದರು. ಸ್ನಾನಕ್ಕೆ ಬಿಸಿನೀರು ಕಾಯಿಸಿ ಕೊಟ್ಟರು. ನಾನು ಸೀರೆ ಉಟ್ಟು ಹೊರಗೆ ಬಂದ ಮೇಲೆ, ದನಿ ಏರಿಸದೆ, ಒಂದೇ ಮಾತು ಹೇಳಿದರು.

"ಹೊಟ್ಟ್ಯಾಗಿನ ಕೂಸಿನ ಅಪ್ಪನ್ನ ನೀನ ಬೆಂಕ್ಯಾಗ ದೂಡಿ ಬಂದಿ."

ಅದು ನಿಜವಾಗಿತ್ತು.

ರಾಯರನ್ನು ಸರಕಾರಿ ಆಸ್ಪತ್ರೆಗೆ ಸೇರಿಸಿಕೊಂಡರು. ಅದೇ ಜ್ವರ ಅಂತ ಮರುದಿನ ಗೊತ್ತಾಯಿತು. ಅವರನ್ನು ಹೆಗಲ ಮೇಲೆ ಇಳಿಸಿಕೊಂಡು ಬಂದ ಗುರುರಾಜ ಮನೆಗೆ ಬರುವಂತಿರಲಿಲ್ಲ. ಕಾರ್ಖಾನೆಯವರೂ ಹತ್ತು ದಿನ ಬರಬೇಡ ಅಂದರು. ಅವರು ಹೋಟೆಲಿನ ಕೆಳಗಿನ ಹಾಲಿನಲ್ಲಿ ಟೇಬಲ್ಲು ಜೋಡಿಸಿಕೊಂಡು ಮಲಗಿದರು. ಕೆಲಸದವರನ್ನೆಲ್ಲ ರಾಯರು ಮೊದಲೇ ಊರಿಗೆ ಕಳಿಸಿದ್ದರಿಂದ ಅಲ್ಲಿ ಬೇರೆ ಯಾರೂ ಇರಲಿಲ್ಲ. ಅತ್ತೆ ನನ್ನ ಜೊತೆ ಮಾತು ಬಿಟ್ಟರು. ಆದರೆ ಮಾರನೆಯ ಬೆಳಿಗ್ಗೆ ಡಬ್ಬಿ ಕಟ್ಟುವಾಗ ಇಬ್ಬರಿಗೆ ಆಗುವಷ್ಟು ಕಟ್ಟಿದರು. ಒಂದು ಮಗನಿಗೆ, ಇನ್ನೊಂದು ಆಸ್ಪತ್ರೆಯಲ್ಲಿದ್ದವರಿಗೆ. ಒಳಗೆ ಊಟ ಬಿಡುವುದಿಲ್ಲವಂತೆ ಅಂದೆ. ಕೇಳಿಸದವರ ಹಾಗೆ ಎರಡನೆಯ ಡಬ್ಬಿಯ ಮುಚ್ಚಳ ಒತ್ತಿದರು.

ದಿನಕ್ಕೆ ಮೂರು ಸಲ ಗಂಡನ ಫೋನು. ಅವರು ಏನು ಹೇಳುತ್ತಾರೆ ಅನ್ನುವುದಕ್ಕಿಂತ ಮಾತಿನ ನಡುವೆ ಉಸಿರು ಹೇಗಿದೆ ಅಂತ ಕೇಳಿಸಿಕೊಳ್ಳುತ್ತಿದ್ದೆ. ನಾಲ್ಕನೆಯ ದಿನ ದನಿ ಬದಲಾಗಿತ್ತು. ಟೇಬಲ್ಲಿನ ಮೇಲೆ ಮಲಗಿ ಕುತ್ತಿಗೆ ಹಿಡಿದಿದೆ, ಅಷ್ಟೇ ಅಂದರು. ಕುತ್ತಿಗೆ ಹಿಡಿದರೆ ದನಿ ಒಡೆಯುವುದಿಲ್ಲ. ಒತ್ತಿ ಕೇಳಿದ ಮೇಲೆ ಒಪ್ಪಿಕೊಂಡರು. ಬೆಳಿಗ್ಗೆಯಿಂದ ಮೈ ಬಿಸಿ ಇದೆ. ಆಸ್ಪತ್ರೆಯ ಸಾಲಿನಲ್ಲಿ ನಿಂತು ತೋರಿಸಿ ಮಾತ್ರೆ ತಂದಿದ್ದೇನೆ. ಫೋನಿಟ್ಟು ಅಡಿಗೆಮನೆಯ ನೆಲದ ಮೇಲೆ ಕೂತುಬಿಟ್ಟೆ. ಅತ್ತೆ ಬಂದು ಪಕ್ಕದಲ್ಲಿ ಕೂತರು. ಸ್ವಲ್ಪ ಹೊತ್ತಿನ ಮೇಲೆ ಅವರ ಕೈ ನನ್ನ ಬೆನ್ನಿನ ಮೇಲಿತ್ತು.

ಆ ಐದಾರು ದಿನ ನಾನು ಮಾಡಿದ್ದು ಒಂದೇ ಕೆಲಸ. ಉಳಿದಿದ್ದ ಜೀವಿಗಳನ್ನೆಲ್ಲ ವಿಂಗಡಿಸಿದೆ. ಹಗಲೆಲ್ಲ ಕೂತು ಅರವತ್ತಕ್ಕೂ ಹೆಚ್ಚು ಪುಟ ಬರೆದೆ. ರೆಕ್ಕೆಯ ಗೆರೆ ಎಣಿಸುವಾಗ, ಇದು ಕಪ್ಪೆಯೋ ನೆಲಗಪ್ಪೆಯೋ ಅಂತ ತೀರ್ಮಾನಿಸುವಾಗ, ಫೋನಿನ ಕಡೆ ನೋಡದೆ ಐದು ನಿಮಿಷ ಇರಲು ಸಾಧ್ಯವಾಗುತ್ತಿತ್ತು. ಪೋಮುರಾದ ಪುಟವನ್ನು ಮಾತ್ರ ತೆರೆಯಲಿಲ್ಲ. ಈಗ ಆ ಬರಹಗಳನ್ನು ಓದಿದರೆ ತಪ್ಪುಗಳು ಕಾಣುತ್ತವೆ. ಒಂದು ಗೂಬೆಯನ್ನು ನಾನು ಸಸ್ತನಿಗಳ ಪಟ್ಟಿಗೆ ಸೇರಿಸಿದ್ದೇನೆ.

ಗುರುರಾಜ ಅವರ ಜ್ವರ ಮೂರನೆಯ ದಿನ ಇಳಿಯಿತು. ಡಾಕ್ಟರು ಹೇಳಿದಷ್ಟು ದಿನ ಮುಗಿಸಿಕೊಂಡು ಗಣಪತಿ ಕೂಡುವ ಮುಂಚಿನ ದಿನ ಮನೆಗೆ ಬಂದರು. ಗಡ್ಡ ಬಂದಿತ್ತು, ಅಂಗಿ ಸಡಿಲಾಗಿತ್ತು. ಅತ್ತೆ ಬಾಗಿಲಲ್ಲೇ ದೃಷ್ಟಿ ತೆಗೆದು, ಆಮೇಲೆ ಮಗನಿಗೆ ಬಾಯಿತುಂಬ ಬೈದರು. ಅಂದು ರಾತ್ರಿ ನನಗೆ ಎಷ್ಟೋ ದಿನಗಳ ಮೇಲೆ ನಿದ್ದೆ ಹತ್ತಿತು.

ರಾಯರು ಇಪ್ಪತ್ತು ದಿನ ಆಸ್ಪತ್ರೆಯಲ್ಲಿದ್ದರು. ಅದರಲ್ಲಿ ಆರು ದಿನ ಉಸಿರಾಟದ ಯಂತ್ರದ ಮೇಲೆ. ಬದುಕುವುದಿಲ್ಲ ಅಂತ ಎರಡು ಸಲ ಸುದ್ದಿ ಬಂತು. ಬದುಕಿದರು. ಊರಿನಿಂದ ಅವರ ಅಕ್ಕನ ಮಗ ಬಂದು ಕುಂದಾಪುರಕ್ಕೆ ಕರೆದುಕೊಂಡು ಹೋದ. ನವೆಂಬರಿನಲ್ಲಿ ಮಗಳು ಹುಟ್ಟಿದಳು. ಸಂಕ್ರಾಂತಿ ಕಳೆದ ಮೇಲೆ ಒಂದು ಭಾನುವಾರ ರಾಯರು ನಮ್ಮ ಮನೆಗೆ ಬಂದರು. ಎತ್ತರದ ಆಳು, ಮೈಯಲ್ಲಿ ಎಲುಬು ಬಿಟ್ಟರೆ ಏನೂ ಉಳಿದಿರಲಿಲ್ಲ. ಎರಡು ಮಹಡಿ ಹತ್ತಿ ಬಂದದ್ದಕ್ಕೆ ಹತ್ತು ನಿಮಿಷ ಮಾತಾಡಲಾಗಲಿಲ್ಲ. ಉಸಿರು ಬಂದ ಮೇಲೆ ನನ್ನನ್ನು ನೋಡಿ ನಕ್ಕರು. ಆರು ವಾರ ಸರ್ ಸರ್ ಅಂತ ಕರೆದೆನಲ್ಲ, ಒಂದು ಮಾತು ಹೇಳಬಾರದಿತ್ತಾ ಅಂದರು.

ನಾನು ಹೇಳಬೇಕಾದ್ದನ್ನು ಹೇಳಿದೆ. ಮೆಟ್ಟಿಲ ಕೆಳಗೆ ನಿಂತಿದ್ದೆ, ಮೇಲೆ ಬರಲಿಲ್ಲ, ಅಂಜಿದ್ದೆ ಅಂದೆ. ಅವರು ತಲೆ ಅಲ್ಲಾಡಿಸಿದರು.

"ನಾನೂ ಹೆದರಿದ್ದೆ. ಬೆಳಿಗ್ಗೆ ನಿಮ್ಮ ಯಜಮಾನ್ರು ಕರೆದದ್ದು ಕೇಳಿತ್ತು. ನೀವು ಮೊದಲು ಎರಡು ಸಲ ಕರೆದದ್ದೂ ಕೇಳಿತ್ತು. ಆಸ್ಪತ್ರೆಗೆ ಹೊತ್ಕೊಂಡು ಹೋಗ್ತಾರೆ, ಹೋದವ್ರು ತಿರುಗಿ ಬರೂದಿಲ್ಲ ಅಂತ ಬಾಯಿ ಮುಚ್ಚಿ ಕೂತಿದ್ದೆ."

ಆ ಪದ ಅಳಿಸಿದ್ದು ಯಾಕೆ ಅಂತ ನಾನು ಕೇಳಲಿಲ್ಲ. ಅವರೂ ಹೇಳಲಿಲ್ಲ. ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ಅವಳ ಕಾಲಿನ ಬೆರಳುಗಳನ್ನು ನೋಡುತ್ತ ಕೂತರು. ಅತ್ತೆ ಅವರಿಗೆ ಜೋಳದ ರೊಟ್ಟಿ ಬಡಿಸಿದರು. ಆಮೇಲೆ ರಾಯರು ಹೋಟೆಲನ್ನು ಮಾರಿ ಊರಿಗೆ ಹೋದರು. ನಾಲ್ಕು ವರ್ಷ ಅಲ್ಲಿಂದಲೇ ಬರೆಯುತ್ತಿದ್ದರು, ಜಗಳವಾಡುತ್ತಿದ್ದರು. ಒಂದು ಚೈತ್ರದಲ್ಲಿ ಅಕ್ಕನ ಮಗನ ಪತ್ರ ಬಂತು. ನಿದ್ದೆಯಲ್ಲೇ ಹೋದರಂತೆ.

ಆ ಪತ್ರ ಬಂದ ದಿನ ನಾನು ಮತ್ತು ಗುರುರಾಜ ಬಹಳ ಹೊತ್ತು ಅವರ ಬಗ್ಗೆ ಮಾತಾಡಿದೆವು. ಅಂದು ಮೊದಲ ಸಲ ನಾನು ಗಂಡನನ್ನು ಕೇಳಿದೆ. ಅಷ್ಟೂ ಜನ ಅಂಜಿ ಬಾಗಿಲು ಹಾಕಿಕೊಂಡು ಕೂತಿದ್ದಾಗ ನೀವೊಬ್ಬರು ಹಿಂದೆಮುಂದೆ ನೋಡದೆ ಆ ಮೆಟ್ಟಿಲು ಹತ್ತಿದ್ದು ಹೇಗೆ?

"ನನಗೂ ಭಾಳ ಅಂಜಿಕಿ ಬಂದಿತ್ತು. ಆದ್ರ ನೀ ಅಲ್ಲೇ ನಿಂತಿದ್ದಿ. ನಾ ಏರಲಿಲ್ಲಂದ್ರ ನೀ ಏರತಿದ್ದಿ ಅನಿಸ್ತು" ಅಂದರು.

ನಾನು ಏರುತ್ತಿರಲಿಲ್ಲ. ಅದು ನನಗೆ ಆವತ್ತೂ ಗೊತ್ತಿತ್ತು, ಈಗಲೂ ಗೊತ್ತಿದೆ. ಅವರಿಗೆ ಇನ್ನೂ ಹೇಳಿಲ್ಲ.